ಬೆಕ್ಕಿನ ಲಿಟರ್ ಬಾಕ್ಸಿಗೆ ಯಾವುದು ಸರಿ: ತೋಫು, ಕೊಕೊಪೀಟ್, ಮರದ ಪೆಲೆಟ್, ಬೆಂಟೊನೈಟ್

ಬೆಕ್ಕಿನ ಲಿಟರ್, ಅಂದರೆ ಮನೆಯೊಳಗೆ ಬೆಕ್ಕು ಉಚ್ಚೆ-ಕಕ್ಕ ಮಾಡುವ ಬಾಕ್ಸಿಗೆ ತುಂಬುವ ವಸ್ತು, ಕೊಳ್ಳಲು ಹೋದರೆ ಹೆಚ್ಚಿನ ಚೀಲಗಳ ಮೇಲೆ 'ನ್ಯಾಚುರಲ್' ಎಂಬ ಪದ ಕಾಣುತ್ತದೆ. ನೆಲ ಅಗೆದು ತೆಗೆದ ಬೆಂಟೊನೈಟ್ ಜೇಡಿಯೂ ನ್ಯಾಚುರಲ್ಲೇ, ಸೋಯಾ ಚರಟದಿಂದ ಮಾಡಿದ ತೋಫು ಕಡ್ಡಿಯೂ ನ್ಯಾಚುರಲ್ಲೇ. ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್, ಮರದ ಹೊಟ್ಟು, ಮೆಕ್ಕೆಜೋಳದ ನುಚ್ಚು ಎಲ್ಲವೂ ಅದೇ ಸಾಲಿಗೆ ಸೇರುತ್ತವೆ. ಹಾಗಾಗಿ ಆ ಪದ ನೋಡಿ ಆರಿಸಲು ಆಗುವುದಿಲ್ಲ. ನಾನು ಮೊದಲು ನೋಡುವುದು ಎರಡು ಸಂಗತಿ. ಬೆಕ್ಕು ಅದರ ಮೇಲೆ ನೆಮ್ಮದಿಯಾಗಿ ಕಾಲಿಡುತ್ತದೆಯೇ? ಬಾಕ್ಸಿನಿಂದ ತೆಗೆದದ್ದು ನಿಮ್ಮ ಮನೆಯಿಂದ ಎಲ್ಲಿಗೆ ಹೋಗುತ್ತದೆ? ಬೆಲೆ, ವಾಸನೆ, ಧೂಳು, ತೂಕದ ಮಾತು ಆಮೇಲೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಫ್ಲಾಟ್‌ನಂಥ, ಸ್ವಂತ ಮಣ್ಣು ಒಂದು ಚಟ್ಟಿಯಷ್ಟೂ ಇಲ್ಲದ ಮನೆಗೆ ತೋಫು ಅಥವಾ ತೋಫು-ಬೆಂಟೊನೈಟ್ ಮಿಶ್ರಣ. ಹಿತ್ತಲು, ತೋಟ, ಗುಂಡಿ ತೋಡಲು ಜಾಗ ಇರುವ ಮನೆಗೆ ಕೊಕೊಪೀಟ್ ಅಥವಾ ಮರದ ಹೊಟ್ಟು. ಎಳೆಯ ಮರಿಗಳಿರುವ ಮನೆಗೆ ಉಚ್ಚೆ ಬಿದ್ದರೂ ಗಡ್ಡೆ ಕಟ್ಟದ ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆ. ತೋಫು ತರಿಸಿ ಸೋತ, ಬೇರೇನನ್ನೂ ಮುಟ್ಟದ ಹಠಮಾರಿ ಬೆಕ್ಕಿಗೆ ಬೆಂಟೊನೈಟ್. ಹೀಗೇಕೆ ಎನ್ನುವುದಕ್ಕೆ ಒಂದೊಂದರ ಗುಣವನ್ನೂ ನೋಡಬೇಕು.

ಬೆಕ್ಕಿಗೆ ಬೇಕಾದದ್ದು

ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣ ಸೀಮೆಯ ಕಾಡುಬೆಕ್ಕು. ಸಡಿಲ ಮಣ್ಣನ್ನು ಕೆರೆದು, ಕೂತು, ಮುಚ್ಚಿಹೋಗುವುದು ಅದರ ರಕ್ತದಲ್ಲೇ ಬಂದ ಅಭ್ಯಾಸ. ಬೆಕ್ಕುಗಳ ಮುಂದೆ ಬೇರೆ ಬೇರೆ ಲಿಟರ್ ಇಟ್ಟು ನೋಡಿದ ಸಂಶೋಧಕರು ಕಂಡದ್ದೂ ಇದನ್ನೇ: ಹೆಚ್ಚಿನವು ಸಣ್ಣ ಕಣದ, ಮೆತ್ತಗಿನ, ಪರಿಮಳ ಬೆರೆಸದ ಲಿಟರನ್ನೇ ಆರಿಸಿಕೊಳ್ಳುತ್ತವೆ. ನಮಗೆ ಹಿತವೆನಿಸುವ ಲ್ಯಾವೆಂಡರ್, ನಿಂಬೆ ವಾಸನೆ ಅದಕ್ಕೆ ಕಿರಿಕಿರಿ. ಅದರ ಮೂಗು ಬಾಕ್ಸಿಗೆ ಅರ್ಧ ಅಡಿ ದೂರದಲ್ಲಿರುತ್ತದೆ, ನಮ್ಮದು ಐದಡಿ ಮೇಲಿರುತ್ತದೆ. ಆದ್ದರಿಂದ ಯಾವ ಬಗೆಯನ್ನೇ ಆರಿಸಿ, ಸೆಂಟ್ ಹಾಕದ್ದನ್ನೇ ಕೊಳ್ಳಿ.

ಲಿಟರ್ ಇಷ್ಟವಾಗದಿದ್ದರೆ ಬೆಕ್ಕು ಅದನ್ನು ತೋರಿಸಿಕೊಡುತ್ತದೆ. ಬಾಕ್ಸಿನ ಅಂಚಿನ ಮೇಲೆ ಕಾಲಿಟ್ಟು ಸರ್ಕಸ್ ಮಾಡುತ್ತಾ ಕೂರುವುದು, ಲಿಟರ್ ಬಿಟ್ಟು ಬಾಕ್ಸಿನ ಗೋಡೆ ಕೆರೆಯುವುದು, ಹೊರಬಂದು ಪಾದ ಒದರುವುದು, ಮುಚ್ಚದೆ ಓಡಿಹೋಗುವುದು ಮೊದಲ ಸೂಚನೆಗಳು. ಆಮೇಲೆ ಕಾಲೊರಸು, ಬಚ್ಚಲಿನ ನೀರು ಹೋಗುವ ಮೂಲೆ, ಒಗೆಯಲು ಗುಡ್ಡೆ ಹಾಕಿದ ಬಟ್ಟೆ. ಇದನ್ನು ಕೊಬ್ಬು, ಸೇಡು ಎಂದು ಬೈಯುವವರಿದ್ದಾರೆ. ಬೆಕ್ಕಿಗೆ ಸೇಡಿನ ಲೆಕ್ಕ ಗೊತ್ತಿಲ್ಲ, ಪಾದಕ್ಕೆ ಹಿತವಾದ ಜಾಗ ಹುಡುಕುತ್ತಿದೆ ಅಷ್ಟೇ.

ಬೆಂಟೊನೈಟ್: ಅಳತೆಗೋಲು

ಗಿಡಮೂಲದ ಲಿಟರ್‌ಗಳನ್ನು ಅಳೆಯಲು ಮೊದಲು ಬೆಂಟೊನೈಟ್ ಗೊತ್ತಿರಬೇಕು, ಏಕೆಂದರೆ ಉಳಿದವೆಲ್ಲ ಪೈಪೋಟಿ ನಡೆಸುತ್ತಿರುವುದು ಅದರ ಜೊತೆಗೇ. ಒಂದು ಕಾಲದಲ್ಲಿ ಮನೆಯೊಳಗಿನ ಬೆಕ್ಕಿಗೆ ಮರಳು, ಬೂದಿ, ಮರದ ಹೊಟ್ಟೇ ಗತಿಯಾಗಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ 1947ರಲ್ಲಿ ನೆರೆಮನೆಯಾಕೆಗೆ ಮರಳಿನ ಬದಲು ಫುಲ್ಲರ್ಸ್ ಅರ್ತ್ ಕೊಟ್ಟರು. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಅದೇ ಜಾತಿಯ ಮಣ್ಣು. ಅಲ್ಲಿಂದ ಲಿಟರ್ ಮಾರಾಟದ ಸರಕಾಯಿತು. 1980ರ ದಶಕದಲ್ಲಿ ನೀರು ತಾಕಿದೊಡನೆ ಉಬ್ಬಿ ಗಡ್ಡೆ ಕಟ್ಟುವ ಸೋಡಿಯಂ ಬೆಂಟೊನೈಟ್ ಬಂತು. ನಮ್ಮ ದೇಶದಲ್ಲಿ ಈ ಮಣ್ಣು ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡ್ಮೇರ್ ಕಡೆ ಸಿಗುತ್ತದೆ. ಹಾಗಾಗಿ ಅಗ್ಗ.

ಗಡ್ಡೆಯ ವಿಷಯದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಉಚ್ಚೆ ಬಿದ್ದ ಜಾಗ ನಿಮಿಷದೊಳಗೆ ಬಿಗಿದುಕೊಂಡು, ಸ್ಕೂಪಿನಲ್ಲಿ ಇಡಿಯಾಗಿ ಎದ್ದು ಬರುತ್ತದೆ. ಕಣ ಸಣ್ಣದು, ಹಾಗಾಗಿ ಬೆಕ್ಕಿಗೂ ಪ್ರಿಯ. ತೊಂದರೆಗಳೂ ಅಷ್ಟೇ ಸ್ಪಷ್ಟ. ಸುರಿಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅಸ್ತಮಾ ಇರುವವರ ಮನೆಗೆ ಅದು ಒಳ್ಳೆಯದಲ್ಲ. ಪಾದಕ್ಕೆ ಅಂಟಿದ ಕಣಗಳು ಹಾಸಿಗೆಯವರೆಗೂ ಬರುತ್ತವೆ. ಭಾರ ಜಾಸ್ತಿ, ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹತ್ತು ಕೆಜಿ ಚೀಲ ಹೊತ್ತವರಿಗೆ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಕೊಳೆಯುವುದಿಲ್ಲ. ಗಣಿಯಿಂದ ಬಂದ ಮಣ್ಣು ನಮ್ಮ ಮನೆಯಲ್ಲಿ ಒಂದು ದಿನ ಇದ್ದು, ಪ್ಲಾಸ್ಟಿಕ್ ಕವರಿನೊಳಗೆ ಊರಾಚೆಯ ಕಸದ ರಾಶಿ ಸೇರುತ್ತದೆ. ತಿಂಗಳಿಗೆ ಒಂದು ಬೆಕ್ಕಿನಿಂದ ಎಷ್ಟು ಕೆಜಿ ಹೀಗೆ ಹೋಗುತ್ತದೆ ಎಂದು ಒಮ್ಮೆ ತೂಗಿ ನೋಡಿದರೆ ಗಿಡಮೂಲದ ಲಿಟರ್ ಹುಡುಕುವ ಮನಸ್ಸು ತಾನಾಗಿ ಬರುತ್ತದೆ.

ತೋಫು

ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಚರಟ ಇದರ ಮೂಲ. ಈಗ ಮಾರುಕಟ್ಟೆಯಲ್ಲಿರುವ ಅನೇಕ 'ತೋಫು' ಲಿಟರ್‌ಗಳಲ್ಲಿ ಬಟಾಣಿಯ ನಾರು, ಮೆಕ್ಕೆಜೋಳದ ಪಿಷ್ಟ, ಅಂಟಿಗಾಗಿ ಗೌರ್ ಗಮ್ ಸೇರಿರುತ್ತವೆ. ಶಾವಿಗೆಯ ಹಾಗೆ ಒತ್ತಿ, ಸಣ್ಣ ತುಂಡು ಮಾಡಿ ಒಣಗಿಸಿರುತ್ತಾರೆ. ಕೊಳ್ಳುವಾಗ ಕಡ್ಡಿಯ ದಪ್ಪ ನೋಡಿ. ಎರಡು ಮಿಲಿಮೀಟರಿನಷ್ಟು ತೆಳ್ಳಗಿದ್ದರೆ ಬೆಕ್ಕಿನ ಪಾದಕ್ಕೂ ಹಿತ, ಗಡ್ಡೆಯೂ ಗಟ್ಟಿ. ದಪ್ಪ ಕಡ್ಡಿಗಳ ನಡುವೆ ಉಚ್ಚೆ ಸೋರಿ ತಳಕ್ಕಿಳಿದು, ಅಲ್ಲಿ ಅಂಬಲಿಯಂತೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವುದು ದೊಡ್ಡ ರೇಜಿಗೆ.

ತೋಫು ಗಡ್ಡೆಗೆ ಸ್ವಲ್ಪ ತಾಳ್ಮೆ ಬೇಕು. ಬೆಕ್ಕು ಹೊರಬಂದ ತಕ್ಷಣ ಸ್ಕೂಪ್ ಹಾಕಿದರೆ ಒಡೆದು ಚೂರಾಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಕಡ್ಡಿಗಳು ಊದಿ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಬಾಕ್ಸಿನಲ್ಲಿ ಕನಿಷ್ಠ ಐದು ಸೆಂಟಿಮೀಟರ್ ಎತ್ತರಕ್ಕೆ ತುಂಬಿದರೆ ಮಾತ್ರ ಈ ಮಾತು ನಿಜ. ದುಬಾರಿ ಎಂದು ತೆಳ್ಳಗೆ ಹರಡಿ, "ತೋಫು ಸರಿಯಿಲ್ಲ" ಎನ್ನುವವರು ಬಹಳ.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಗುಣ ತಿಳಿ ಬಣ್ಣ. ಕೆನೆ ಬಣ್ಣದ ಕಡ್ಡಿಗಳ ಮೇಲೆ ಉಚ್ಚೆಯಲ್ಲಿ ರಕ್ತ ಬಂದರೆ ಕೂಡಲೇ ಕಾಣುತ್ತದೆ. ಬೂದು ಬೆಂಟೊನೈಟಿನಲ್ಲೋ ಕಂದು ಕೊಕೊಪೀಟಿನಲ್ಲೋ ಅದು ಕಣ್ಣಿಗೆ ಬೀಳುವುದೇ ಇಲ್ಲ. ಮೂತ್ರದ ತೊಂದರೆ ಒಮ್ಮೆ ಬಂದುಹೋದ ಬೆಕ್ಕಿದ್ದರೆ ಈ ಒಂದು ಕಾರಣಕ್ಕೇ ನಾನು ತಿಳಿ ಬಣ್ಣದ ತೋಫು ಹೇಳುತ್ತೇನೆ. ಗಂಧ ಹಾಕಿದ, ಹಸಿರು ಚಹಾ, ಪೀಚ್ ಎಂದು ಬಣ್ಣ ಬೆರೆಸಿದ ಪ್ಯಾಕೆಟ್ಟುಗಳಲ್ಲಿ ಈ ಲಾಭ ಕೈತಪ್ಪುತ್ತದೆ. ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಿಗೂ ಇದು ಅನುಕೂಲ. ಸಣ್ಣ ಕಣದ ಮಣ್ಣು ಅವುಗಳ ತೊಡೆಯ ಕೂದಲಲ್ಲಿ ಸಿಕ್ಕಿ ಒಣಗಿ ಗಂಟಾಗುತ್ತದೆ, ಕಡ್ಡಿ ಉದುರಿಹೋಗುತ್ತದೆ.

ಮಳೆಗಾಲ ಇದರ ಶತ್ರು. ಮಂಗಳೂರು, ಉಡುಪಿ, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಬಾಯಿ ತೆರೆದಿಟ್ಟ ತೋಫು ಚೀಲ ಮೆತ್ತಗಾಗಿ, ಬಾಕ್ಸಿನಲ್ಲಿ ಹಾಕಿದ್ದು ಬೂಷ್ಟು ಹಿಡಿಯುತ್ತದೆ. ಧಾನ್ಯದ ಅಂಶ ಇರುವುದರಿಂದ ಇರುವೆಯೂ ಹುಳುವೂ ಬರುತ್ತವೆ. ಅಕ್ಕಿಯನ್ನು ಹೇಗೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೀರೋ ಇದನ್ನೂ ಹಾಗೇ ಇಡಿ. ಆ ತಿಂಗಳುಗಳಲ್ಲಿ ಸಣ್ಣ ಪ್ಯಾಕೆಟ್ ತರಿಸಿ, ಬಾಕ್ಸನ್ನು ಪೂರ್ತಿ ಬದಲಿಸುವುದನ್ನು ಬೇಗ ಬೇಗ ಮಾಡಿ. ಇರುವೆಗೆಂದು ಬಾಕ್ಸಿನ ಸುತ್ತ ಲಕ್ಷ್ಮಣರೇಖೆ ಎಳೆಯುವುದು, ನುಸಿಗುಳಿಗೆ ಇಡುವುದು ಬೇಡವೇ ಬೇಡ. ಕೀಟನಾಶಕವೂ ನ್ಯಾಫ್ತಲೀನೂ ಬೆಕ್ಕಿಗೆ ವಿಷ, ಅದು ತುಳಿದ ಪಾದವನ್ನು ನೆಕ್ಕಿಕೊಳ್ಳುತ್ತದೆ.

ತೋಫು ಮತ್ತು ಬೆಂಟೊನೈಟ್ ಬೆರೆಸಿದ ಚೀಲಗಳೂ ಸಿಗುತ್ತವೆ. ಕಡ್ಡಿಗಳ ಸಂದಿಯಲ್ಲಿ ಸಣ್ಣ ಕಣ ತುಂಬಿಕೊಂಡು ಗಡ್ಡೆ ಬೇಗ ಕಟ್ಟುತ್ತದೆ, ಉಚ್ಚೆ ತಳಕ್ಕಿಳಿಯುವುದಿಲ್ಲ. ಮಣ್ಣಿಗೆ ಒಗ್ಗಿದ ಬೆಕ್ಕನ್ನು ಗಿಡಮೂಲದ ಕಡೆಗೆ ತರಲು ಇದು ಒಳ್ಳೆಯ ನಡುದಾರಿ.

ಕೊಕೊಪೀಟ್

ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಇದು. ತುಮಕೂರು, ತಿಪಟೂರು, ಅರಸೀಕೆರೆಯ ಕಡೆ ನಾರಿನ ಕಾರ್ಖಾನೆಗಳ ಪಕ್ಕ ಇದರ ಗುಡ್ಡೆಗಳನ್ನು ನೋಡಿರುತ್ತೀರಿ. ದೂರದ ಗಣಿಯ ಮಣ್ಣಿನ ಬದಲು ನಮ್ಮ ಜಿಲ್ಲೆಯ ತೆಂಗಿನ ತೋಟದ ಉಳಿಕೆ ಬಳಸುತ್ತೇವೆ ಎನ್ನುವುದು ನನಗೆ ಸಂತೋಷದ ವಿಷಯ. ತನ್ನ ತೂಕದ ಎಂಟು ಪಟ್ಟಿಗೂ ಹೆಚ್ಚು ನೀರು ಹಿಡಿಯಬಲ್ಲದು, ಮೆತ್ತಗಿದೆ, ಕೆರೆಯಲು ಮಣ್ಣಿನಂತೆಯೇ ಇದೆ. ತೋಟದ ಮಣ್ಣಿನಲ್ಲಿ ಹೊರಗೆ ಹೋಗಿ ಬರುವ ಅಭ್ಯಾಸವಿದ್ದ ಬೆಕ್ಕನ್ನು ಒಳಗಿನ ಬಾಕ್ಸಿಗೆ ಒಗ್ಗಿಸಬೇಕಾದರೆ ಇದಕ್ಕಿಂತ ಸಲೀಸಾದದ್ದು ಇಲ್ಲ.

ನರ್ಸರಿಯಲ್ಲಿ ಸಿಗುವ ಐದು ಕೆಜಿ ಇಟ್ಟಿಗೆ ಸಾಕು, 'ಬೆಕ್ಕಿಗೆ' ಎಂದು ಬರೆದದ್ದೇ ಬೇಕಿಲ್ಲ. ಆದರೆ ಬರೀ ಕೊಕೊಪೀಟ್ ಆಗಿರಬೇಕು. ಬೇವಿನ ಹಿಂಡಿ, ಎರೆಗೊಬ್ಬರ, ರಸಗೊಬ್ಬರ ಬೆರೆಸಿದ ಕುಂಡದ ಮಿಶ್ರಣ ತರಬೇಡಿ. ತೊಳೆದು ಉಪ್ಪು ತೆಗೆದದ್ದು ಒಳ್ಳೆಯದು. ಗಿಡಕ್ಕೆ ಮಾಡುವಂತೆ ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಕೆಲಸ ಕೆಟ್ಟಿತು. ನೀರು ಕುಡಿದು ತುಂಬಿದ ಪುಡಿ ಉಚ್ಚೆ ಹೀರುವುದೆಲ್ಲಿ? ಇಟ್ಟಿಗೆಯ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಅದು ಬಿರಿದಂತೆ ಕೈಯಲ್ಲಿ ಉದುರಿಸಿ, ಟಾರ್ಪಾಲಿನ ಮೇಲೆ ಹರಡಿ ಎರಡು ದಿನ ಒಳ್ಳೆಯ ಬಿಸಿಲಿಗೆ ಹಾಕಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗದೆ ಉದುರಬೇಕು. ಅಷ್ಟು ಒಣಗಿದರೆ ಸಾಕು, ಪೂರ್ತಿ ಧೂಳಾಗುವಷ್ಟು ಬೇಡ. ಮಳೆ ಹಿಡಿದ ಮೇಲೆ ಇದನ್ನು ಮಾಡಲಾಗದು. ಹಪ್ಪಳ ಸಂಡಿಗೆ ಒಣಗಿಸುವ ಏಪ್ರಿಲ್-ಮೇ ಬಿಸಿಲಿನಲ್ಲೇ ಮಳೆಗಾಲದ ಪಾಲನ್ನೂ ಒಣಗಿಸಿ ಡ್ರಮ್ಮಿನಲ್ಲಿ ತುಂಬಿಡಿ.

ಇದು ಗಡ್ಡೆ ಕಟ್ಟುವುದಿಲ್ಲ. ಕಕ್ಕ ದಿನವೂ ತೆಗೆಯಬಹುದು. ಉಚ್ಚೆ ಬಿದ್ದ ಜಾಗ ಕಪ್ಪಗಾಗಿರುತ್ತದೆ, ಅಲ್ಲಿಂದ ಒಂದೆರಡು ಹಿಡಿ ತೆಗೆದು ಹೊಸದು ಹಾಕಬೇಕು. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ಎಲ್ಲವನ್ನೂ ಬದಲಿಸಬೇಕು. ಕಂದು ಪುಡಿ ಪಾದಕ್ಕಂಟಿ ಬಿಳಿ ಟೈಲ್ಸಿನ ಮೇಲೆ ಹೆಜ್ಜೆ ಹೆಜ್ಜೆಗೂ ಗುರುತು ಬಿಡುತ್ತದೆ. ಕೆಂಪು ರೆಡ್‌ಆಕ್ಸೈಡ್ ನೆಲದ ಹಳೇ ಮನೆಯವರಿಗೆ ಇದು ತೊಂದರೆಯೇ ಅಲ್ಲ, ಹೊಸ ಫ್ಲಾಟಿನವರಿಗೆ ತಲೆನೋವು. ಬಾಕ್ಸಿನ ಮುಂದೆ ಗೋಣಿಚೀಲ ಹಾಸಿದರೆ ಅರ್ಧ ಪುಡಿ ಅಲ್ಲೇ ನಿಲ್ಲುತ್ತದೆ.

ಮರದ ಹೊಟ್ಟು ಮತ್ತು ಪೆಲೆಟ್

ಸಾ ಮಿಲ್ಲಿನಲ್ಲಿ ಚೀಲಗಟ್ಟಲೆ ಹೊಟ್ಟು ಅಗ್ಗಕ್ಕೆ ಸಿಗುತ್ತದೆ ಎಂದು ತರುವವರಿದ್ದಾರೆ. ಯಾವ ಮರದ್ದು ಎಂದು ಖಚಿತವಾಗಿ ಗೊತ್ತಿದ್ದರೆ ತರಬಹುದು. ತೇಗ, ಬೀಟೆಯ ಹುಡಿ ಚರ್ಮಕ್ಕೂ ಮೂಗಿಗೂ ತುರಿಕೆ ತರುತ್ತದೆ. ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ. ಗೆದ್ದಲಿಗೆ ಮದ್ದು ಹೊಡೆದ ಹಳೇ ಮರವೂ ಅದೇ ಗುಡ್ಡೆಯಲ್ಲಿ ಸೇರಿರಬಹುದು. ಬಡಗಿ ಅಂಗಡಿಯಿಂದ ಗುಡಿಸಿ ತಂದದ್ದನ್ನು ನಾನು ಬಾಕ್ಸಿಗೆ ಹಾಕಲಾರೆ.

ಪೆಲೆಟ್ ಎಂದರೆ ಅದೇ ಹೊಟ್ಟನ್ನು ಒಣಗಿಸಿ ಒತ್ತಿದ ಗುಳಿಗೆ. ಪ್ರಾಣಿಗಳಿಗೆಂದೇ ಮಾರುವ ಪೈನ್ ಪೆಲೆಟ್ ಕೊಳ್ಳಿ. ಬಾಯ್ಲರ್ ಉರುವಲಿಗೆ ಮಾರುವ ಬಯೋಮಾಸ್ ಪೆಲೆಟ್ ನೋಡಲು ಹಾಗೇ ಇರುತ್ತದೆ, ಆದರೆ ಅದರಲ್ಲಿ ಕಡಲೆಕಾಯಿ ಸಿಪ್ಪೆಯಿಂದ ಹಿಡಿದು ಏನೇನು ಸೇರಿದೆಯೋ ತಿಳಿಯದು. ಪೆಲೆಟ್ ಕೆಲಸ ಮಾಡುವ ರೀತಿ ಬೆಂಟೊನೈಟಿಗೆ ತದ್ವಿರುದ್ಧ: ಉಚ್ಚೆ ತಾಗಿದ್ದು ಪುಡಿಯಾಗುತ್ತದೆ, ಒಣಗಿದ್ದು ಗಟ್ಟಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಇದಕ್ಕೆ ಸ್ಕೂಪಿಗಿಂತ ಜರಡಿ ಬೇಕು. ತಳದಲ್ಲಿ ತೂತಿರುವ ತಟ್ಟೆ, ಅದರ ಕೆಳಗೊಂದು ತಟ್ಟೆ. ದಿನಕ್ಕೊಮ್ಮೆ ಅಲ್ಲಾಡಿಸಿದರೆ ಪುಡಿ ಕೆಳಗಿಳಿಯುತ್ತದೆ. ಧೂಳಿಲ್ಲ, ಮನೆಯೆಲ್ಲ ಹರಡುವುದಿಲ್ಲ, ವಾಸನೆ ಹಿಡಿದಿಡುವುದರಲ್ಲಿ ಬಲು ಗಟ್ಟಿಗ. ಆದರೆ ದಪ್ಪ ಗುಳಿಗೆಯ ಮೇಲೆ ನಿಲ್ಲಲು ದೊಡ್ಡ ಬೆಕ್ಕುಗಳು ಒಪ್ಪುವುದು ಕಷ್ಟ. ಮರಿಯಿದ್ದಾಗಿನಿಂದ ರೂಢಿಯಾದವು ಮಾತ್ರ ಕೊನೆಯವರೆಗೂ ಬಳಸುತ್ತವೆ.

ವಾಸನೆಯ ಮಾತು ಬಂದದ್ದರಿಂದ ಅದರ ಕಾರಣವನ್ನೂ ಹೇಳಬೇಕು. ಬೆಕ್ಕಿನ ಉಚ್ಚೆಯಲ್ಲಿ ಯೂರಿಯಾ ಬಹಳ. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಸುತ್ತಲಿನ ವಸ್ತು ಸ್ವಲ್ಪ ಹುಳಿ ಗುಣದ್ದಾದರೆ ಅಮೋನಿಯಾ ಉಪ್ಪಿನ ರೂಪದಲ್ಲಿ ಅಲ್ಲೇ ಹಿಡಿದುಕೊಂಡಿರುತ್ತದೆ, ಕ್ಷಾರವಾದರೆ ಅನಿಲವಾಗಿ ಮೂಗಿಗೆ ಬಡಿಯುತ್ತದೆ. ಪೈನ್ ಮರ, ಕೊಕೊಪೀಟ್ ಎರಡೂ ಹುಳಿಯ ಕಡೆಯವು. ಒಲೆಯ ಬೂದಿ ಕಡುಕ್ಷಾರ. ಹಳ್ಳಿಮನೆಯಲ್ಲಿ ಬೂದಿಗುಂಡಿಗೆ ಹೋಗುವ ಬೆಕ್ಕು ಬಯಲಿನಲ್ಲಿ ಹೋಗುವುದರಿಂದ ನಮಗೆ ತಿಳಿಯುವುದಿಲ್ಲ. ಅದೇ ಬೂದಿಯನ್ನು ಮುಚ್ಚಿದ ಬಾಲ್ಕನಿಯಲ್ಲಿ ತಟ್ಟೆಗೆ ಹಾಕಿ ನೋಡಿ, ಸಂಜೆಯೊಳಗೆ ಕಣ್ಣುರಿ ಬರುತ್ತದೆ. ಪಾದಕ್ಕೂ ಅದು ಒಳ್ಳೆಯದಲ್ಲ. ಇನ್ನು ಆಪರೇಷನ್ ಮಾಡಿಸದ ಗಂಡು ಬೆಕ್ಕಿನ ಉಚ್ಚೆಯ ಘಾಟು ಬೇರೆಯೇ ರಾಸಾಯನಿಕದ್ದು. ಅದಕ್ಕೆ ಯಾವ ಲಿಟರೂ ಮದ್ದಲ್ಲ, ಆಪರೇಷನ್ ಮಾಡಿಸುವುದೇ ದಾರಿ.

ಉಳಿದವು

ಮೆಕ್ಕೆಜೋಳದ ಲಿಟರ್ ಸಣ್ಣ ಕಣದ್ದು, ಹಗುರ, ಗಡ್ಡೆಯೂ ಚೆನ್ನಾಗಿ ಕಟ್ಟುತ್ತದೆ. ಬೂಷ್ಟು, ಹುಳುವಿನ ಭಯ ಮಾತ್ರ ತೋಫುಗಿಂತ ಹೆಚ್ಚು. ಒಣ ಹವೆಯ ಕಲಬುರಗಿ, ರಾಯಚೂರಿನಲ್ಲಿ ಧೈರ್ಯವಾಗಿ ಬಳಸಬಹುದು, ಕರಾವಳಿಯಲ್ಲಿ ಬೇಡ. ಭತ್ತದ ಉಮಿ ಅಕ್ಕಿ ಗಿರಣಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅದರ ಹೊರಮೈ ನೀರು ಹೀರುವುದೇ ಇಲ್ಲ, ಉಚ್ಚೆ ಸೀದಾ ತಳಕ್ಕೆ. ಹೊಳೆ ಮರಳನ್ನು ಬೆಕ್ಕು ಪ್ರೀತಿಸುತ್ತದೆ, ಆದರೆ ಅದೂ ಹೀರುವುದಿಲ್ಲ, ಒಂದು ಲೀಟರ್ ಒಂದೂವರೆ ಕೆಜಿ ತೂಗುತ್ತದೆ. ಹೊಳೆಯನ್ನು ಬಗೆದು ತೆಗೆದ ಮರಳನ್ನು ಇದಕ್ಕೆ ಬಳಸುವುದೂ ನನಗೆ ಸರಿ ಕಾಣುವುದಿಲ್ಲ. ಎಂ-ಸ್ಯಾಂಡ್ ಚೂಪು, ಧೂಳು. ಹರಿದ ವೃತ್ತಪತ್ರಿಕೆ ದಿನಬಳಕೆಗೆ ಆಗದು. ಆಪರೇಷನ್ ಆದ ಬೆಕ್ಕಿನ ಹೊಲಿಗೆಗೆ ಕಣಗಳು ಅಂಟಬಾರದಾದ್ದರಿಂದ ಆ ಕೆಲವು ದಿನಗಳಿಗೆ ಮಾತ್ರ ಪತ್ರಿಕೆಯೇ ಎಲ್ಲಕ್ಕಿಂತ ಒಳ್ಳೆಯದು.

ಬಾಕ್ಸಿನಿಂದ ಎಲ್ಲಿಗೆ

ತೋಫು ಚೀಲಗಳ ಮೇಲೆ 'ಫ್ಲಶ್ ಮಾಡಬಹುದು' ಎಂದಿರುತ್ತದೆ. ಮಾಡಬೇಡಿ. ಕಡ್ಡಿ ನೀರಿನಲ್ಲಿ ಕರಗುತ್ತದೆ ನಿಜ, ಆದರೆ ಗೌರ್ ಗಮ್ ತುಂಬಿದ ಗಡ್ಡೆ ಕರಗುವ ಮೊದಲೇ ಕಮೋಡಿನ ಬಾಗಿನಲ್ಲಿ ಕುಳಿತುಕೊಳ್ಳಬಹುದು. ಇನ್ನೂ ಗಂಭೀರ ಕಾರಣ ಟಾಕ್ಸೊಪ್ಲಾಸ್ಮಾ. ಸೋಂಕು ತಗಲಿದ ಬೆಕ್ಕು ಕೆಲವು ವಾರ ಈ ಪರಾವಲಂಬಿಯ ತತ್ತಿಗಳನ್ನು ಕಕ್ಕದಲ್ಲಿ ಹೊರಹಾಕುತ್ತದೆ. ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಅವುಗಳನ್ನು ಪೂರ್ತಿ ಕೊಲ್ಲುತ್ತದೆ ಎಂಬ ಭರವಸೆ ಇಲ್ಲ. ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನು ನಾವು ತೋಟಕ್ಕೇ ಬಿಡುತ್ತೇವೆ.

ಈ ತತ್ತಿಗಳು ಹೊರಬಂದ ಕೂಡಲೇ ಸೋಂಕು ಹರಡಲಾರವು, ಬಲಿಯಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಯಾವ ಲಿಟರ್ ಎನ್ನುವುದಕ್ಕಿಂತ ದಿನವೂ ತೆಗೆಯುತ್ತೀರಾ ಎನ್ನುವುದು ಮನೆಮಂದಿಯ ಆರೋಗ್ಯಕ್ಕೆ ದೊಡ್ಡ ಪ್ರಶ್ನೆ. ಬಸುರಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಯಾರೂ ಇಲ್ಲದಿದ್ದರೆ ಕೈಗವಸು ಹಾಕಿ, ದಿನವೂ ತಪ್ಪದೆ ತೆಗೆದು, ಸೋಪಿನಿಂದ ಕೈ ತೊಳೆಯಬೇಕು. ಬೆಕ್ಕನ್ನೇ ಮನೆಯಿಂದ ಕಳಿಸುವ ಅಗತ್ಯ ಎಳ್ಳಷ್ಟೂ ಇಲ್ಲ.

ಬೆಂಗಳೂರಿನಲ್ಲಿ 2015ರ ಹೈಕೋರ್ಟ್ ಆದೇಶದ ನಂತರ ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್, ಪ್ಯಾಡ್‌ನಂಥ ಕಸಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ ಎಂಬ ಪದ್ಧತಿ ಬಂದಿದೆ. ತೋಫು ಕೊಳೆಯುತ್ತದೆ ಎಂದು ಹಸಿರು ಬಕೆಟ್ಟಿಗೆ ಹಾಕಬೇಡಿ. ಹಸಿ ಕಸ ಗೊಬ್ಬರವಾಗಿ ತರಕಾರಿ ಹೊಲಕ್ಕೆ ಹೋಗುತ್ತದೆ. ಎರಡು ಪದರ ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ ಕೆಂಪು ಬಕೆಟ್ಟಿಗೆ ಹಾಕಿ. ಅದನ್ನು ಬಿಚ್ಚಿ ನೋಡುವ ಪ್ರಮೇಯ ಪೌರಕಾರ್ಮಿಕರಿಗೆ ಬರಬಾರದು. ಆ ಪೊಟ್ಟಣದ ಮೇಲೆ ಪೆನ್ನಿನಿಂದ 'ಬೆಕ್ಕಿನ ಕಸ' ಎಂದು ಬರೆಯುವುದು ಎರಡು ಸೆಕೆಂಡಿನ ಕೆಲಸ. ಕೆಂಪು ಬಕೆಟ್ಟಿಗೇ ಹೋಗುವುದಾದರೆ ತೋಫು ಯಾಕೆ, ಬೆಂಟೊನೈಟ್ ಸಾಲದೇ ಎಂದು ಕೇಳಬಹುದು. ತೂಕದಲ್ಲಿ ಅರ್ಧ, ರಾಶಿಯಲ್ಲಿ ಬಿದ್ದರೂ ಕೊನೆಗೆ ಮಣ್ಣಾಗುವ ವಸ್ತು, ಗಣಿ ಅಗೆತವಿಲ್ಲ. ಇಷ್ಟು ಕಾರಣ ನನಗೆ ಸಾಕು.

ಸ್ವಂತ ಜಾಗ ಇರುವವರಿಗೆ ಮಾತ್ರ ಗಿಡಮೂಲದ ಲಿಟರಿನ ಪೂರ್ತಿ ಲಾಭ ಸಿಗುತ್ತದೆ. ಬಾವಿಯಿಂದ ದೂರ, ಮಳೆನೀರು ಹರಿಯದ ಕಡೆ ಒಂದೂವರೆ ಅಡಿ ಗುಂಡಿ ತೋಡಿ, ಕೊಕೊಪೀಟ್ ಅಥವಾ ಹೊಟ್ಟನ್ನು ಹಾಕುತ್ತಾ ಮಣ್ಣು ಮುಚ್ಚುತ್ತಾ ಹೋಗಿ. ತುಂಬಿದ ಮೇಲೆ ವರ್ಷಕ್ಕೂ ಹೆಚ್ಚು ಬಿಟ್ಟುಬಿಡಿ, ಟಾಕ್ಸೊಪ್ಲಾಸ್ಮಾ ತತ್ತಿಗಳು ಒದ್ದೆ ಮಣ್ಣಿನಲ್ಲಿ ಅಷ್ಟು ಕಾಲ ಬದುಕಬಲ್ಲವು. ಆಮೇಲೂ ಅದು ದಾಸವಾಳ, ಕ್ರೋಟನ್ ಬುಡಕ್ಕೆ. ಬಸಳೆ, ಹರಿವೆ, ಕೊತ್ತಂಬರಿ ಮಡಿಗೆ ಎಂದಿಗೂ ಬೇಡ.

ದುಡ್ಡಿನ ಲೆಕ್ಕ

ಬೆಂಟೊನೈಟನ್ನು ಕೆಜಿಯಲ್ಲೂ ತೋಫುವನ್ನು ಹೆಚ್ಚಾಗಿ ಲೀಟರಿನಲ್ಲೂ ಮಾರುತ್ತಾರೆ. ಎರಡನ್ನೂ ಒಂದೇ ಅಳತೆಗೆ ತರದೆ ಬೆಲೆ ಹೋಲಿಸಿದರೆ ಮೋಸ ಹೋಗುತ್ತೀರಿ. 50 ಸೆಂಟಿಮೀಟರ್ ಉದ್ದ, 40 ಅಗಲದ ಬಾಕ್ಸಿಗೆ 6 ಸೆಂಟಿಮೀಟರ್ ಎತ್ತರ ತುಂಬಲು 12 ಲೀಟರ್ ಬೇಕು. ಅದು ಬೆಂಟೊನೈಟ್ ಆದರೆ ಸುಮಾರು 10ರಿಂದ 12 ಕೆಜಿ, ತೋಫು ಆದರೆ ಸುಮಾರು 5ರಿಂದ 6 ಕೆಜಿ. ಮೊದಲ ತುಂಬುವಿಕೆ ಹೀಗೆ, ಆಮೇಲೆ ತೆಗೆದಷ್ಟು ಹಾಕುತ್ತಾ ಹೋಗಬೇಕು. ನಾಲ್ಕು ಕೆಜಿಯ ಆರೋಗ್ಯವಂತ ಬೆಕ್ಕು ದಿನಕ್ಕೆ ಸುಮಾರು 80ರಿಂದ 160 ಮಿಲಿಲೀಟರ್ ಉಚ್ಚೆ ಮಾಡುತ್ತದೆ, ಎರಡರಿಂದ ನಾಲ್ಕು ಗಡ್ಡೆ. ಒಂದು ಚೀಲ ತೆರೆದ ತಾರೀಖನ್ನು ಚೀಲದ ಮೇಲೇ ಬರೆದಿಟ್ಟು, ಖಾಲಿಯಾದ ದಿನ ನೋಡಿ, ದಿನದ ಖರ್ಚು ತೆಗೆಯಿರಿ. ಚೀಲದ ಮೇಲೆ ಛಾಪಿಸಿದ 'ಇಷ್ಟು ದಿನ ಬರುತ್ತದೆ' ಎಂಬ ಮಾತನ್ನು ನಂಬಬೇಡಿ. ನರ್ಸರಿ ಕೊಕೊಪೀಟ್ ಎಲ್ಲಕ್ಕಿಂತ ಅಗ್ಗ, ಬೆಂಟೊನೈಟ್ ನಡುವೆ, ತೋಫು ದುಬಾರಿ ಎನ್ನುವುದು ಸಾಮಾನ್ಯ ಕ್ರಮ.

ಕೊಳ್ಳುವ ಮೊದಲು ಬಟ್ಟಲಲ್ಲಿ ನೋಡಿ

ಸಣ್ಣ ಪ್ಯಾಕೆಟ್ಟುಗಳನ್ನು ತರಿಸಿ, ಸ್ಟೀಲ್ ಬಟ್ಟಲುಗಳಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಹಾಕಿ, ಪ್ರತಿಯೊಂದರ ನಡುವೆ ಎರಡು ದೊಡ್ಡ ಚಮಚ ಉಗುರುಬೆಚ್ಚಗಿನ ನೀರು ಸುರಿಯಿರಿ. ಕಾಲು ಗಂಟೆ ಬಿಟ್ಟು ಚಮಚದಿಂದ ಎತ್ತಿ. ಬೆಂಟೊನೈಟ್ ಕಲ್ಲಿನಂತೆ ಇಡಿಯಾಗಿ ಬರುತ್ತದೆ. ಒಳ್ಳೆಯ ತೋಫು ಅಂಚಿನಲ್ಲಿ ಒಂದೆರಡು ಕಡ್ಡಿ ಉದುರಿಸಿಕೊಂಡು ಗಟ್ಟಿಯಾಗಿ ಬರುತ್ತದೆ, ಕಳಪೆಯದು ಬಟ್ಟಲಿನ ತಳಕ್ಕೆ ಅಂಟಿ ಎರಡಾಗುತ್ತದೆ. ಪೆಲೆಟ್ ಉಬ್ಬಿ ಹುಡಿಯಾಗಿರುತ್ತದೆ. ಕೊಕೊಪೀಟ್ ಕಪ್ಪು ಮಚ್ಚೆಯಾಗಿ ಹಾಗೇ ಕೂತಿರುತ್ತದೆ, ತಳದ ಸ್ಟೀಲ್ ಒಣಗಿದ್ದರೆ ಅದು ಒಳ್ಳೆಯ ಪುಡಿ. ಆಮೇಲೆ ಒಂದು ಹಿಡಿ ಲಿಟರನ್ನು ಕಿಟಕಿಯ ಬಿಸಿಲುಕೋಲಿನಲ್ಲಿ ಮೇಲಿಂದ ಸುರಿದು ಧೂಳು ನೋಡಿ. ಆ ಧೂಳಿನ ಎತ್ತರದಲ್ಲೇ ಬೆಕ್ಕಿನ ಮೂಗು ಇರುತ್ತದೆ.

ಮನೆಯವರ ಆಯ್ಕೆ ಮುಗಿದ ಮೇಲೆ ಬೆಕ್ಕಿನ ಆಯ್ಕೆ. ಹಳೆಯ ಬಾಕ್ಸನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಎರಡನೆಯದರಲ್ಲಿ ಹೊಸ ಲಿಟರ್ ಇಡುವುದು ಎಲ್ಲಕ್ಕಿಂತ ನ್ಯಾಯವಾದ ದಾರಿ. ಜಾಗವಿಲ್ಲದಿದ್ದರೆ ಹಳೆಯದರಲ್ಲಿ ಕಾಲುಭಾಗ ಹೊಸದು ಬೆರೆಸುತ್ತಾ ಹತ್ತು ದಿನದಲ್ಲಿ ಬದಲಿಸಿ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಬಾಕ್ಸ್ ಹೆಚ್ಚಿರಲಿ, ಬಾಕ್ಸಿನ ಉದ್ದ ಬೆಕ್ಕಿನ ಮೈಯ ಒಂದೂವರೆ ಪಟ್ಟು ಇರಲಿ. ನಾಲ್ಕು ತಿಂಗಳೊಳಗಿನ ಮರಿಗಳು ಲಿಟರನ್ನು ಬಾಯಿಗೆ ಹಾಕಿ ನೋಡುತ್ತವೆ, ಹೊಟ್ಟೆಯಲ್ಲಿ ಉಬ್ಬುವ ಬೆಂಟೊನೈಟಾಗಲಿ ತೋಫುವಾಗಲಿ ಅವಕ್ಕೆ ಬೇಡ. ಸಣ್ಣ ಪೈನ್ ಪೆಲೆಟ್ ಅಥವಾ ಕಾಗದದ ಪೆಲೆಟ್ ಕೊಡಿ. ಸಂಧಿವಾತದ ಮುದಿ ಬೆಕ್ಕಿಗೆ ಮೆತ್ತಗಿನ ಲಿಟರ್, ತಗ್ಗು ಅಂಚಿನ ಬಾಕ್ಸ್.

ಬಾಕ್ಸ್ ತೊಳೆಯಲು ಸೋಪಿನ ಪುಡಿ, ಬಿಸಿನೀರು, ಬಿಸಿಲು ಸಾಕು. ಫಿನಾಯಿಲ್ ಹಾಕಲೇಬೇಡಿ, ಅದರಲ್ಲಿರುವ ಫೀನಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಉಚ್ಚೆಯ ಅಮೋನಿಯಾಕ್ಕೆ ಬ್ಲೀಚಿಂಗ್ ಸೇರಿದರೆ ಏಳುವ ಅನಿಲ ನಿಮ್ಮ ಶ್ವಾಸಕ್ಕೂ ಕೆಟ್ಟದ್ದು.

ಗಡ್ಡೆ ಕಟ್ಟುವ ಲಿಟರ್ ಬಳಸುವವರು ತೆಗೆಯುವಾಗ ಗಡ್ಡೆಗಳನ್ನು ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ದಿನೇ ದಿನೇ ಗಡ್ಡೆ ದೊಡ್ಡದಾಗುತ್ತಾ ಹೋದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಸಣ್ಣ ಸಣ್ಣ ಗಡ್ಡೆ ಹತ್ತಾರು ಬಿದ್ದರೆ ಮೂತ್ರಕೋಶದ ಉರಿ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಬಾಕ್ಸಿಗೆ ಹೋಗಿ, ತಿಣುಕಿ, ಏನೂ ಬಾರದೆ ಹೊರಬರುತ್ತಿದ್ದರೆ ಅದನ್ನು ಲಿಟರ್ ಹಿಡಿಸಲಿಲ್ಲ ಎಂದು ಬಿಡಬೇಡಿ. ಮೂತ್ರನಾಳ ಕಟ್ಟಿದ ಬೆಕ್ಕು ಎರಡು ದಿನದಲ್ಲಿ ಸಾಯಬಹುದು. ರಾತ್ರಿಯಾದರೂ ಸರಿ, ಅಂದೇ ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ.